ಏಳನೇ ಕ್ಯಾಮೆರಾದ ಮುಂದೆ ಚರಗ

ಹುಬ್ಬಳ್ಳಿಯಿಂದ ಹೊರಟ ಬಸ್ಸು ಶಿಗ್ಗಾಂವದಲ್ಲಿ ನಿಂತಾಗ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕುಳಿತಳು. ತೊಡೆಯ ಮೇಲೊಂದು ಬುಟ್ಟಿ, ಅದರ ಬಾಯಿಗೆ ಬಿಳಿ ಬಟ್ಟೆ. ಬಸ್ಸು ಹೊರಟ ಕುಲುಕಿಗೆ ಬಟ್ಟೆ ಸರಿದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಹುರಿದ ಎಳ್ಳಿನ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಒಂದು ಊರು, ಒಬ್ಬ ಮುದುಕಿ, ಮತ್ತು ಆ ಮುದುಕಿಗೆ ನಾನು ಆಡಿದ ಒಂದು ಮಾತು ನೆನಪಾಗುತ್ತದೆ.

ನಾನು ಬುಟ್ಟಿಯನ್ನೇ ನೋಡುತ್ತಿದ್ದುದನ್ನು ಕಂಡು ಆಕೆ, “ನಾಳೆ ಶೀಗಿ ಹುಣ್ಣಿಮಿ ಅಲ್ರಿ, ತವರಿಗೆ ಹೊಂಟೇನಿ. ನೀವೆಲ್ಲಿಗೆ?” ಎಂದಳು.

“ಹಿರೇಕೆರೂರ ಕಡೆ. ನಂದೂ ತವರ ಇದ್ದಂಗ” ಎಂದೆ.

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ತವರು ಎನ್ನಲು ನಾನು ಅಲ್ಲಿದ್ದದ್ದು ಬರೀ ಮೂರು ತಿಂಗಳು. ಬಿಟ್ಟು ಬಂದ ಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಚೀಲದಲ್ಲಿ ಬೈಂಡು ಮಾಡಿಸಿದ ನನ್ನ ವರದಿಯಿತ್ತು, ಅದರ ಒಂದು ಪುಟಕ್ಕೆ ಹಳೇ ಬಸ್ ಟಿಕೆಟ್ ಗುರುತು ಇಟ್ಟಿದ್ದೆ. ಆ ಪುಟದ ಮೂರು ಸಾಲುಗಳನ್ನು ಒಬ್ಬರಿಗೆ ಓದಿ ಹೇಳುವುದಕ್ಕೆಂದೇ ಹೊರಟಿದ್ದೆ.

ಆ ವರ್ಷ ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಹೊಲಗಳ ನಡುವೆ ಉಳಿದುಕೊಂಡಿರುವ ಕುರುಚಲು ಗುಡ್ಡಗಳಲ್ಲಿ ಯಾವ ಯಾವ ಪ್ರಾಣಿಗಳಿವೆ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ವನ್ಯಜೀವಿ ಅಧ್ಯಯನ ಎಂದರೆ ಸಾಕು, ಜನ ಹುಲಿ ಆನೆ ಎಂದು ಕಣ್ಣರಳಿಸುತ್ತಾರೆ. ನನಗೆ ಸಿಕ್ಕಿದ್ದು ಗೋವಿನಜೋಳದ ಹೊಲ, ಹತ್ತಿ ಹೊಲ, ಅವುಗಳ ಹಿಂದೊಂದು ಕಲ್ಲುಗುಡ್ಡ. ಗೆಳತಿಯೊಬ್ಬಳ ಪಾಲಿಗೆ ಹಾನಗಲ್ಲಿನ ಕೆರೆಗಳ ಹಕ್ಕಿಗಳು ಬಂದಿದ್ದವು. ಅವಳು ದಿನಕ್ಕೆರಡು ಬಣ್ಣದ ಫೋಟೊ ಕಳಿಸಿ ನನ್ನ ಹೊಟ್ಟೆ ಉರಿಸುತ್ತಿದ್ದಳು.

ನನ್ನ ಆಯುಧ ಹನ್ನೆರಡು ಟ್ರೇಲ್ ಕ್ಯಾಮೆರಾಗಳು. ಮರದ ತೊಗಟೆಯ ಬಣ್ಣದ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳು. ಮೊಣಕಾಲೆತ್ತರದಲ್ಲಿ ಮರಕ್ಕೆ ಪಟ್ಟಿ ಬಿಗಿದು ಕಟ್ಟಿ ಬಂದರಾಯಿತು, ಎದುರಿಗೆ ಬಿಸಿ ಮೈಯಿನದು ಏನಾದರೂ ಸರಿದಾಡಿದರೆ ತಾವೇ ಫೋಟೊ ತೆಗೆದುಕೊಳ್ಳುತ್ತವೆ. ಹತ್ತು ದಿನಕ್ಕೊಮ್ಮೆ ಹೋಗಿ ಮೆಮೊರಿ ಕಾರ್ಡು ಬದಲಿಸಿ, ಬಂದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ನೋಡಬೇಕು. ಕಳಿಸುವ ಮೊದಲು ನಮ್ಮ ಸರ್ ಎದುರಿಗೆ ಕೂರಿಸಿಕೊಂಡು ಎರಡೇ ಮಾತು ಹೇಳಿದರು.

“ಒಂದು, ಕ್ಯಾಮೆರಾದ ಮುಂದ ತಿನ್ನೋದು ಏನೂ ಇಡಬ್ಯಾಡ. ಪ್ರಾಣಿ ತನ್ನ ದಾರಿ ಹಿಡಿದು ತಾನ ಬರಬೇಕು. ನಾವು ಕರೆದು ಬಂದದ್ದು ಲೆಕ್ಕಕ್ಕಿಲ್ಲ. ಎರಡು, ಮನುಷ್ಯರ ಫೋಟೊ ಬಿದ್ರ ನೋಡ್ಕೋತ ಕೂಡಬ್ಯಾಡ, ಅಳಿಸಿಬಿಡು. ಹೊಲದ ದಾರಿಯೊಳಗ ಹೆಣ್ಣುಮಕ್ಕಳು ಓಡಾಡ್ತಾರ. ಅವರು ನಿನ್ನ ಅಭ್ಯಾಸಕ್ಕ ಬಂದವರಲ್ಲ.”

ಎರಡೂ ಒಳ್ಳೆಯ ನಿಯಮಗಳೇ. ಮುಂದೊಂದು ದಿನ ಇವೆರಡೂ ನನ್ನ ಕೈಯಲ್ಲೇ ಜಗಳಕ್ಕೆ ನಿಲ್ಲುತ್ತವೆಂದು ನನಗಾಗಲಿ ಸರ್‌ಗಾಗಲಿ ಹೇಗೆ ಗೊತ್ತಿರಬೇಕು.

ನಮ್ಮದು ಸವಣೂರಿನ ವೈಷ್ಣವರ ಮನೆ. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದವರು, ಅಪ್ಪ ಬ್ಯಾಂಕಿನಲ್ಲಿದ್ದವರು. ಹೊಲದಲ್ಲಿ ಮಲಗೆದ್ದು ಪ್ರಾಣಿ ಹುಡುಕುವ ಕೆಲಸ ನಮ್ಮ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಅಜ್ಜಿಯಂತೂ, “ಪ್ರಾಣಿ ನೋಡ್ಲಿಕ್ಕೆ ಹಿರೇಕೆರೂರ ತನಕ ಯಾಕ? ನಮ್ಮೂರ ದೊಡ್ಡ ಹುಣಸಿಮರದ ಪೊಟರೆಯೊಳಗ ಬೇಕಾದಷ್ಟು ಬಾವಲಿ ಅವ, ಎಣಿಸ್ಕೋತ ಕೂಡು” ಎಂದಳು. ಕೊನೆಗೆ ಉಪ್ಪಿನಕಾಯಿ ಭರಣಿಯೊಂದನ್ನು ಚೀಲಕ್ಕಿಟ್ಟು, ಅಲ್ಲಿ ಉಳ್ಳಾಗಡ್ಡಿ ತಿಂದರೆ ಬಂದು ತನಗೆ ಹೇಳಬಾರದು ಎಂದು ಅಪ್ಪಣೆ ಕೊಟ್ಟಳು.

ಊರು ಅಬಲೂರಿನಿಂದ ಆಚೆಗೆ. ಹೆಸರು ಬರೆಯುವುದಿಲ್ಲ. ಅಪರೂಪದ ಪ್ರಾಣಿಯಿರುವ ಜಾಗದ ಹೆಸರು ಬರೆಯಬಾರದೆಂಬುದು ನಮ್ಮ ಕಸುಬಿನ ರೂಢಿ. ಅಲ್ಲಿ ನಾನು ಉಳಿದದ್ದು ನೀಲವ್ವನ ಮನೆಯಲ್ಲಿ. ಅರವತ್ತು ದಾಟಿದ ಹೆಂಗಸು, ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ನಡೆದರೆ ನಾನು ಓಡಬೇಕು. ಗಂಡ ಈರಪ್ಪ ತೀರಿಕೊಂಡು ವರ್ಷವಾಗಿತ್ತು. ಪಕ್ಕದ ಮನೆಯಲ್ಲಿ ಮೈದುನ ಶಿವಪ್ಪನ ಸಂಸಾರ. ಎರಡೂ ಮನೆಗೆ ಕಟ್ಟೆ ಒಂದೇ. ಊರಿಗೆ ಹೋದ ಮೊದಲ ದಿನ ಆ ಕಟ್ಟೆಯ ಮೇಲೆ ಹನ್ನೆರಡೂ ಕ್ಯಾಮೆರಾ ಸಾಲಾಗಿಟ್ಟುಕೊಂಡು ಬ್ಯಾಟರಿ ಹಾಕುತ್ತಿದ್ದಾಗ ನೀಲವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇವು ಸುಳ್ಳ ಹೇಳಂಗಿಲ್ಲಂತ ಹೌದೇನ?”

“ಇದ್ದದ್ದನ್ನ ತೋರಸ್ತಾವ್ರಿ, ಅಷ್ಟ.”

“ಹಂಗಾರ ಒಂದ ನಮ್ಮ ಹೊಲದ ಬನ್ನಿಗಿಡಕ್ಕ ಕಟ್ಟು.”

“ಅಲ್ಲೇ ಯಾಕ್ರಿ?”

“ಅಲ್ಲೇ ಅವ್ರು ನೋಡ್ಯಾರ.”

ಅವ್ರು ಎಂದರೆ ಈರಪ್ಪ. ಬಹಳ ವರ್ಷದ ಹಿಂದೆ ಒಂದು ನಸುಕಿನಲ್ಲಿ ಈರಪ್ಪ ಬೆಳೆಗೆ ಹಂದಿ ಬೀಳದಂತೆ ಕಾಯಲು ಹೋದವನು ಓಡುತ್ತ ಮನೆಗೆ ಬಂದಿದ್ದನಂತೆ. ಬದುವಿನಲ್ಲಿ ಕರಡಿ ಮಣ್ಣು ಕೆದರುತ್ತಿತ್ತು, ಆದರೆ ಸಣ್ಣ ನಾಯಿಯಷ್ಟೇ ಎತ್ತರ, ಗಿಡ್ಡ ಕಾಲು, ಮೈ ಕರ್ರಗೆ, ಬೆನ್ನು ಮಾತ್ರ ಸುಣ್ಣ ಹೊಡೆದ ಹಾಗೆ ಬೆಳ್ಳಗೆ ಎಂದನಂತೆ. ಊರು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವನ ಹೆಸರು ಸುಣ್ಣದ ಈರಪ್ಪ. ದೀಪಾವಳಿಗೆ ಮನೆ ಮನೆಗೆ ಸುಣ್ಣ ಬಳಿಯುವಾಗ, “ಈರಪ್ಪಣ್ಣ, ಒಂದೀಟ ಸುಣ್ಣ ಉಳದೈತಿ, ನಿನ್ನ ಕರಡಿನ್ನ ಕರಕೊಂಡ ಬಾ” ಎಂದು ಕರೆಯುವುದು ವರ್ಷ ವರ್ಷದ ಪದ್ಧತಿಯೇ ಆಗಿಹೋಯಿತು. ಖಾಸಾ ತಮ್ಮ ಶಿವಪ್ಪನೂ ಅದರಲ್ಲಿ ಸೇರಿದ್ದ.

“ಕಡೀಕ ಅವ್ರಿಗೆ ಕಿವಿ ಮಂದಾದ್ವು. ನಾ ಊಟಕ್ಕ ಬರ್ರಿ ಅಂತ ಒದರಿದ್ರೂ ಕೇಳ್ತಿದ್ದಿಲ್ಲ. ಆದ್ರ ಸುಣ್ಣ ಅನ್ನೂ ಒಂದ ಮಾತ ಮಾತ್ರ ಎಷ್ಟ ಮೆಲ್ಲಕ ಅಂದ್ರೂ ಕೇಳಸ್ತಿತ್ತು” ಎಂದಳು ನೀಲವ್ವ.

ನಾನು ಬೆರಳು ಮಡಚಿ ಎಣಿಸಿದೆ. ಸಣ್ಣ ನಾಯಿಯಷ್ಟು ಎತ್ತರ, ಗಿಡ್ಡ ಕಾಲು, ಕಪ್ಪು ಮೈ, ಬಿಳಿ ಬೆನ್ನು, ಮಣ್ಣು ಕೆದರುವ ಚಾಳಿ. ಅದು ಕರಡಿಯೇ ಅಲ್ಲ. ಅದು ತರಕರಡಿ, ಇಂಗ್ಲಿಷಿನ ಹನಿ ಬ್ಯಾಜರ್, ಜೇನು ಬೆಲ್ಲ ಎಂದರೆ ಜೀವ ಬಿಡುವ, ಎಲ್ಲರ ಕಣ್ಣು ತಪ್ಪಿಸಿ ಓಡಾಡುವ ಪ್ರಾಣಿ. ಆ ಸೀಮೆಯಲ್ಲಿ ಅದರ ಫೋಟೊ ತೆಗೆದವರನ್ನು ನಾನು ಕೇಳಿರಲಿಲ್ಲ. ಓಡಿಹೋಗಿ ಪುಸ್ತಕ ತಂದು ಚಿತ್ರ ತೋರಿಸಿದೆ. ನೀಲವ್ವ ಬಹಳ ಹೊತ್ತು ನೋಡಿದಳು.

“ನಾ ಏನ ಹೇಳಲಿ ಅವ್ವಿ, ನೋಡಿದವರು ಅವ್ರು. ಇದ್ದಿದ್ರ ಹೌದೋ ಅಲ್ಲೋ ಅಂತಿದ್ರು. ನಮ್ಮ ಗುಡ್ಡದಾಗಿನದ ತೋರಸು. ಅದು ಸಿಕ್ತಂದ್ರ ಅವ್ರ ಮಾತ ಖರೆ ಆತು.”

ಹೀಗೆ ಏಳನೇ ಕ್ಯಾಮೆರಾ ಬನ್ನಿಮರ ಸೇರಿತು. ಗುಡ್ಡದ ಬುಡದಲ್ಲಿ, ಹೊಲದ ಮೂಲೆಯಲ್ಲಿ, ಈರಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹತ್ತು ಹೆಜ್ಜೆ ದೂರದಲ್ಲಿ.

ಆ ವರ್ಷದ ಮಳೆ ಹಟಮಾರಿ. ಬೇಕೆಂದಾಗ ಬರಲಿಲ್ಲ, ಸಾಕೆಂದಾಗ ನಿಲ್ಲಲಿಲ್ಲ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡು ಸೇರು ತೂಗುತ್ತಿತ್ತು. ಮಳೆ ನಿಂತ ಕೂಡಲೇ ಹುಲ್ಲು ಎದ್ದು ನಿಂತಿತು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಕ್ಯಾಮೆರಾ ಫೋಟೊ ತೆಗೆಯುತ್ತಿತ್ತು. ಮೊದಲ ಹತ್ತು ದಿನದ ಕಾರ್ಡು ತಂದು ಕಟ್ಟೆಯ ಮೇಲೆ ಕುಳಿತು ತೆರೆದರೆ ಸಾವಿರಾರು ಚಿತ್ರ. ಎಲ್ಲದರಲ್ಲೂ ಗೋವಿನಜೋಳದ ಗರಿ. ನಡುನಡುವೆ ಆಡು, ಊರ ನಾಯಿ, ಹುಲ್ಲುಹೊರೆ ಹೊತ್ತ ಹೆಣ್ಣುಮಕ್ಕಳ ಕಾಲು. ಕಾಲುಗಳನ್ನು ಕಂಡ ಕೂಡಲೇ ಅಳಿಸಿಬಿಡುತ್ತಿದ್ದೆ. ನಾಲ್ಕನೇ ಕ್ಯಾಮೆರಾದಲ್ಲಿ ಶಿವಪ್ಪ ಮಂಡಿಯೂರಿ ಕುಳಿತು ಮೀಸೆ ತಿದ್ದಿಕೊಳ್ಳುವ ಹದಿನೆಂಟು ಫೋಟೊ ಸಿಕ್ಕಿದವು. “ಕನ್ನಡಿ ಇರಬೇಕಂತ ತಿಳಕೊಂಡಿದ್ನಿ” ಎಂದ, ಸ್ವಲ್ಪವೂ ನಾಚಿಕೆಯಿಲ್ಲದೆ.

ಆಮೇಲಾಮೇಲೆ ಕೆಲಸ ಕೈಗೆ ಹತ್ತಿತು. ಹುಲ್ಲು ಸವರುವುದು, ಪೆಟ್ಟಿಗೆಯ ಮುಖವನ್ನು ಬಿಸಿಲು ಬೀಳದ ಕಡೆಗೆ ತಿರುಗಿಸುವುದು, ಇರುವೆ ಗೂಡು ಕಟ್ಟದಂತೆ ನೋಡಿಕೊಳ್ಳುವುದು. ಮುಂಗುಸಿ ಬಂತು, ನರಿ ಬಂತು, ಕಾಡುಬೆಕ್ಕೊಂದು ಬಂದು ಕ್ಯಾಮೆರಾವನ್ನೇ ಮೂಸಿ ಹೋಯಿತು. ನನ್ನ ಮಾತೂ ಬದಲಾಯಿತು. ಮನೆಗೆ ಫೋನು ಮಾಡಿದಾಗ ‘ಅದ’ ಎನ್ನುವಲ್ಲಿ ‘ಐತಿ’ ಎಂದುಬಿಟ್ಟೆ, ಅಜ್ಜಿ ಅತ್ತ ಕಡೆಯಿಂದ ‘ಅದ’ ಎಂದು ತಿದ್ದಿದಳು. ಉಳ್ಳಾಗಡ್ಡಿಯ ವಿಷಯ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪ್ರತಿ ಸಲ ಕಾರ್ಡು ತಂದಾಗಲೂ ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂರುವಳು. “ಬಂತೇನ?” ಎಂದು ಒಂದೇ ಮಾತು. “ಇಲ್ರಿ” ಎಂದರೆ ಎದ್ದು ಹೋಗುವಳು. ಒಂದು ಸಲ, ಎರಡು ಸಲ, ಐದು ಸಲ. ನನಗಾಗಿದ್ದರೆ ಬೇಸರ ಅಷ್ಟೇ, ತರಕರಡಿ ಸಿಗದಿದ್ದರೂ ನನ್ನ ವರದಿ ನಡೆಯುತ್ತಿತ್ತು. ಆದರೆ ಆಕೆ ಎದ್ದು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳಲ್ಲ, ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ದೀಪಾವಳಿಗೆ ಮೊದಲು ಕ್ಯಾಮೆರಾಗಳನ್ನು ಬಿಚ್ಚಿ ಕಾಲೇಜಿಗೆ ಮರಳಿಸಬೇಕಿತ್ತು. ಅದೂ ಆಕೆಗೆ ಗೊತ್ತಿತ್ತು.

ಶೀಗಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಅಜ್ಜಿ ಅಂಗಳದಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ನಾನು ಕಾರ್ಡುಗಳನ್ನು ಬದಲಿಸಿ ಸವಣೂರಿಗೆ ಹೊರಟೆ. ನೀಲವ್ವನಿಗೆ ಸಮಾಧಾನವಿಲ್ಲ. “ಚರಗಕ್ಕ ಇರಬೇಕಾಗಿತ್ತ ನೋಡು” ಎಂದಳು. ಆ ಹುಣ್ಣಿಮೆಗೆ ನಮ್ಮ ಕಡೆ ರೈತರು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಕಾಳು ಕಟ್ಟುತ್ತಿರುವ ಪೈರನ್ನು ಬಸುರಿ ಎಂದೇ ಭಾವಿಸಿ ಭೂಮಿತಾಯಿಗೆ ಸೀಮಂತ ಮಾಡುತ್ತಾರೆ. ಹೋಳಿಗೆ, ಕಡಬು, ಎಳ್ಳು ಹಚ್ಚಿದ ರೊಟ್ಟಿ, ಪಲ್ಯ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲಿದ ಮೇಲೆಯೇ ತಮ್ಮ ಊಟ. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಆದರೂ ಚರಗವನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ಇಟ್ಟು ನನ್ನ ತಲೆ ಯೋಚಿಸಲಿಲ್ಲ.

ಹುಣ್ಣಿಮೆ ಕಳೆದು ನಾಲ್ಕನೇ ದಿನ ಮರಳಿ ಬಂದೆ. ಎಲ್ಲಕ್ಕಿಂತ ಮೊದಲು ಹೋದದ್ದು ಬನ್ನಿಮರಕ್ಕೆ. ಕ್ಯಾಮೆರಾದ ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದಿತ್ತು, ಪುಣ್ಯಕ್ಕೆ ಲೆನ್ಸಿನ ಕಣ್ಣು ತಪ್ಪಿಸಿ. ನಗು ಬಂತು. ಕಾರ್ಡು ತೆಗೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತು ತೆರೆದೆ. ನೀಲವ್ವ ಎಂದಿನಂತೆ ಬಂದು ಕುಳಿತಳು.

ಹುಣ್ಣಿಮೆಯ ದಿನದ ಮೊದಲ ಚಿತ್ರದಲ್ಲೇ ಅವಳ ಮುಖ. ಎಷ್ಟು ಹತ್ತಿರವೆಂದರೆ ಮೂಗುತಿಯ ಹರಳು ಕೂಡ ಕಾಣುತ್ತಿತ್ತು. ಮುಂದಿನದರಲ್ಲಿ ಬುಟ್ಟಿಯಿಂದ ಹೋಳಿಗೆ ತೆಗೆಯುತ್ತಿದ್ದಾಳೆ. ಅದರ ಮುಂದಿನದರಲ್ಲಿ ಮರದ ಬುಡಕ್ಕೆ ಮುತ್ತುಗದೆಲೆ, ಎಲೆಯ ಮೇಲೆ ಹೋಳಿಗೆ, ಕಡಬು, ಅವುಗಳ ಮೇಲೊಂದು ಬೆಲ್ಲದ ಹೆಂಟೆ. ಮರುದಿನ ಬೆಳಿಗ್ಗೆ ಮತ್ತೆ ಅವಳು, ಮತ್ತೊಂದು ಎಲೆ. ಅದರ ಮರುದಿನವೂ.

ನನ್ನ ಮೈಯೆಲ್ಲ ಉರಿಯಿತು. “ಏನ್ರಿ ಇದು ನೀಲವ್ವ? ಕ್ಯಾಮೆರಾ ಮುಂದ ತಿನ್ನೋದು ಇಡಬಾರದಂತ ಹೇಳಿದ್ನೋ ಇಲ್ಲೋ?”

ಹೇಳಿರಲಿಲ್ಲ. ಅದು ಆಮೇಲೆ ನೆನಪಾಯಿತು. ಸರ್ ನನಗೆ ಹೇಳಿದ್ದರು, ನಾನು ಯಾರಿಗೂ ಹೇಳಿರಲಿಲ್ಲ.

“ಚರಗ ಅವ್ವಿ ಅದು. ನಾಕೂ ದಿಕ್ಕಿಗೆ ಚೆಲ್ಲತೇವಿ. ಆ ದಿಕ್ಕಿಗೆ ಒಂದೀಟ ಹೆಚ್ಚ ಚೆಲ್ಲಿದೆ. ಎಷ್ಟ ದಿನಾ ಅಂತ ನೀ ಬರೇ ಹುಲ್ಲ ನೋಡ್ಕೋತ ಕುಂಡ್ರಾಕಿ? ಪ್ರಾಣಿ ಆದ್ರೇನ, ಕರೀದ ಯಾರ ಬರ್ತಾರ?”

“ಕರದ್ರ ಅದು ಲೆಕ್ಕಕ್ಕ ಬರೂದಿಲ್ರಿ. ಅಷ್ಟೂ ದಿನದ ಕೆಲಸ ನಿಮ್ಮ ಕೈಯಾರೆ ಮಣ್ಣುಪಾಲು ಮಾಡಿದ್ರಿ. ಗೊತ್ತಿಲ್ಲಂದ್ರ ಸುಮ್ನ ಇರಬೇಕು” ಎಂದೆ.

ಹಾಗೆ ಅನ್ನುವಾಗ ನನ್ನ ದನಿ ಎಷ್ಟು ಏರಿತ್ತೆಂದರೆ ಶಿವಪ್ಪ ಪಕ್ಕದ ಬಾಗಿಲಿಗೆ ಬಂದು ನಿಂತ. ನೀಲವ್ವ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದಳು. ಆವತ್ತು ಚೌಕಟ್ಟು ಹಿಡಿದು ನಿಲ್ಲಲಿಲ್ಲ. ಯಾರ ಮನೆಯ ಅನ್ನ ತಿಂದು, ಯಾರ ಕಟ್ಟೆಯ ಮೇಲೆ ಕುಳಿತು ಈ ಮಾತು ಆಡಿದೆನೋ, ಈಗಲೂ ನೆನೆದರೆ ಮುಖ ಬಿಸಿಯಾಗುತ್ತದೆ.

ಸಿಟ್ಟಿನಲ್ಲೇ ಉಳಿದ ಚಿತ್ರಗಳನ್ನು ಸರಸರನೆ ಸರಿಸುತ್ತ ಹೋದೆ. ಕಾಗೆ. ನಾಯಿ. ಮುಂಗುಸಿ. ಮತ್ತೆ ಕಾಗೆ. ಮೂರನೇ ದಿನ ನಸುಕು ಹರಿಯುವ ಹೊತ್ತಿನ ಚಿತ್ರ ಬಂದಾಗ ಬೆರಳು ತಾನೇ ನಿಂತಿತು. ಎಲೆಯ ಮುಂದೆ ಗಿಡ್ಡ ಕಾಲೂರಿ ನಿಂತು, ಹೋಳಿಗೆಯನ್ನು ಮುಂಗಾಲಿನಿಂದ ಅದುಮಿ ಹಿಡಿದು, ಮೂತಿಯೆತ್ತಿ ನೇರವಾಗಿ ನನ್ನನ್ನೇ ನೋಡುತ್ತಿತ್ತು. ಹೊಟ್ಟೆ, ಕಾಲು, ಮುಖ ಎಲ್ಲ ಕಪ್ಪು. ತಲೆಯಿಂದ ಬಾಲದವರೆಗೆ ಬೆಳ್ಳಗಿನ ಬೆನ್ನು. ಆರು ಫೋಟೊ. ಕೊನೆಯದರಲ್ಲಿ ಬೆನ್ನು ತಿರುಗಿಸಿ ಗುಡ್ಡದ ಕಡೆಗೆ ಹೊರಟಿತ್ತು.

ಕೂಗಬೇಕೆನ್ನಿಸಿತು. ಯಾರನ್ನು ಕರೆದು ಕೂಗಲಿ? ಕೂಗಿ ಹೇಳಬೇಕಾದವಳಿಗೆ ಈಗಷ್ಟೇ ಬಾಯಿಗೆ ಬಂದದ್ದು ಅಂದಿದ್ದೆ.

ಸ್ವಲ್ಪ ಹೊತ್ತಿಗೆ ತಲೆ ಕೆಲಸ ಮಾಡತೊಡಗಿತು. ಮಾಡಿದ್ದು ಒಳ್ಳೆಯ ಕೆಲಸವೇನಲ್ಲ. ಮನುಷ್ಯರ ಫೋಟೊ ಅಳಿಸಬೇಕೆಂಬುದು ಸರ್ ಹೇಳಿದ ನಿಯಮ. ಮೂರು ತಿಂಗಳಲ್ಲಿ ನೂರಾರು ಅಳಿಸಿದ್ದೆ, ಒಂದು ಸಲವೂ ಎರಡನೇ ಯೋಚನೆ ಮಾಡಿರಲಿಲ್ಲ. ನೀಲವ್ವನಿದ್ದ ಚಿತ್ರಗಳು ಒಂಬತ್ತು. ಅವನ್ನು ಅಳಿಸಿದರೆ ನಾನು ನಿಯಮ ಪಾಲಿಸಿದಂತೆಯೇ. ಬೆನ್ನು ತಿರುಗಿಸಿದ ಕೊನೆಯ ಚಿತ್ರದಲ್ಲಿ ಎಲೆ ಕಾಣುವ ತುದಿಯನ್ನು ಚೂರು ಕತ್ತರಿಸಿದರಾಯಿತು. ತರಕರಡಿ ತನ್ನ ದಾರಿ ಹಿಡಿದು ತಾನೇ ಬಂದಂತಾಗುತ್ತಿತ್ತು. ವರದಿಗೂ ಬರುತ್ತಿತ್ತು, ನಕ್ಷೆಗೂ ಬರುತ್ತಿತ್ತು, ಹಾನಗಲ್ಲಿನ ಗೆಳತಿಗೆ ನಾನೂ ಒಂದು ಫೋಟೊ ಕಳಿಸಬಹುದಿತ್ತು. ನೀಲವ್ವನಿಗೂ ಬೇಕಾದದ್ದು ಅದೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂಬತ್ತನ್ನೂ ಆರಿಸಿದೆ. ಅಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟೆ. ಒಂಬತ್ತರಲ್ಲಿ ಕೊನೆಯದರಲ್ಲಿ ನೀಲವ್ವ ಎಲೆಯಿಟ್ಟು, ಕ್ಯಾಮೆರಾದ ಎದುರು ಕುಕ್ಕರುಗಾಲಲ್ಲಿ ಕುಳಿತು, ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಯಾರಿಗೆ ಕೈ ಮುಗಿದಳೋ, ಭೂಮಿಗೋ, ಪ್ರಾಣಿಗೋ, ಹತ್ತು ಹೆಜ್ಜೆ ಆಚೆ ಮಲಗಿದ್ದ ಗಂಡನಿಗೋ. ಎದುರಿಗಿದ್ದದ್ದು ಮಾತ್ರ ನನ್ನ ಪೆಟ್ಟಿಗೆ. ಅಳಿಸಲು ಕೈ ಬರಲಿಲ್ಲ. ಪ್ರಾಮಾಣಿಕತೆ ಎಂದು ದೊಡ್ಡ ಮಾತು ಆಡುವುದಿಲ್ಲ. ಆ ಮುಖವನ್ನು ಒಂದೇ ದಿನ ಎರಡನೇ ಸಲ ಹೊಡೆಯಲು ನನಗೆ ಧೈರ್ಯವಾಗಲಿಲ್ಲ.

ಗುಡ್ಡದ ಮೇಲಿನ ಚಪ್ಪಟೆ ಬಂಡೆಯ ಮೇಲೆ ನಿಂತರೆ ಮಾತ್ರ ಫೋನಿಗೆ ಸಿಗ್ನಲ್. ಅಲ್ಲಿಗೆ ಹತ್ತಿ ಸರ್‌ಗೆ ಎಲ್ಲವನ್ನೂ ಹೇಳಿದೆ.

“ಏಳನೇ ಕ್ಯಾಮೆರಾದ ಆ ದಿನಗಳನ್ನ ಲೆಕ್ಕದಿಂದ ತೆಗೆದುಬಿಡು” ಎಂದರು.

“ಪ್ರಾಣಿ, ಸರ್?”

“ಪ್ರಾಣಿ ಬಂದದ್ದು ಖರೆ. ಆದ್ರ ನಿನ್ನ ಕೋಷ್ಟಕದಾಗ ಅದಕ್ಕ ಜಾಗ ಇಲ್ಲ. ಬೇಜಾರಾತೇನು?”

“ಆತ್ರಿ.”

“ಆಗಬೇಕು” ಎಂದು ಫೋನಿಟ್ಟರು. ಅವರ ದನಿ ಗಡುಸಾಗಿರಲಿಲ್ಲ.

ಕೆಳಗಿಳಿದು ಬಂದಾಗ ನೀಲವ್ವ ಹಿತ್ತಿಲಲ್ಲಿ ಅವರೆ ಬಿಡಿಸುತ್ತಿದ್ದಳು. ಲ್ಯಾಪ್‌ಟಾಪು ತೆರೆದು ಅವಳ ಮುಂದೆ ನೆಲಕ್ಕಿಟ್ಟೆ. ಅವಳು ಕೈ ತೊಳೆದುಕೊಂಡು ಬಂದು ಕುಳಿತಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಪರದೆ.

“ಬೆನ್ನ ತೋರಸು.”

ಕೊನೆಯ ಚಿತ್ರ ದೊಡ್ಡದು ಮಾಡಿದೆ. ಅವಳು ತೋರುಬೆರಳಿಂದ ಆ ಬೆಳ್ಳಗಿನ ಬೆನ್ನನ್ನು ತಲೆಯಿಂದ ಬಾಲದವರೆಗೆ ಸವರಿದಳು. “ಸುಣ್ಣ” ಎಂದಳು. ಅಷ್ಟೇ. ಶಿವಪ್ಪನೂ ಬಂದು ಹಿಂದೆ ನಿಂತು ಬಗ್ಗಿ ನೋಡಿದ. ಯಾವಾಗಲೂ ಬಾಯಿ ಬಡಿಯುವ ಮನುಷ್ಯ, ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಹಾಗೇ ಹೊರಗೆ ಹೋದ.

“ಇದು ಪುಸ್ತಕದಾಗ ಬರತೈತಲ್ಲ? ಅಚ್ಚ ಆಗತೈತಲ್ಲ?” ಎಂದು ಕೇಳಿದಳು ನೀಲವ್ವ.

ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆಯಿಂದ ಒಂದು ತಪ್ಪು ಮಾಡಿಯಾಗಿತ್ತು, ಇನ್ನೊಂದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದೆ. “ಇಲ್ರಿ. ಊಟ ಇಟ್ಟು ಕರದದ್ದನ್ನ ಲೆಕ್ಕದಾಗ ಹಿಡಿಯೂದಿಲ್ಲ. ಸರ್ ತೆಗಿ ಅಂದ್ರು” ಎಂದೆ.

ನೀಲವ್ವನ ಬೆರಳು ಪರದೆಯಿಂದ ಹಿಂದೆ ಸರಿಯಿತು.

“ಇವತ್ತ ಇದ್ರಾಗ ಐತಿ, ನಾಳೆ ನೀ ಮುಚಗೊಂಡ ಹೋಗ್ತಿ. ಅಬಲೂರ ಗುಡಿ ಮುಂದ ಬರದ ಕಲ್ಲ ಅದಾವು ನೋಡು. ಯಾರ ಬರದ್ರೋ, ಯಾವಾಗ ಬರದ್ರೋ, ಇನ್ನೂ ಹಂಗ ನಿಂತಾವು. ಬರದದ್ದು ಇರತೈತಿ. ಅವ್ರ ಮಾತೂ ಹಂಗ ಒಂದ ಕಡೆ ಇರಲಿ ಅಂತ ನನ್ನ ಆಸೆ ಇತ್ತು.” ಅವರೆಕಾಯಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. “ಹೋಗ್ಲಿ ಬಿಡು. ನನ್ನ ಕೈಯಿಂದನ ಅವ್ರ ಮಾತ ಮತ್ತ ಸುಳ್ಳಾತು.”

ಪಕ್ಕದಲ್ಲಿ ಕುಳಿತು ಕತ್ತಲಾಗುವವರೆಗೂ ಅವರೆ ಬಿಡಿಸಿದೆ. ಕ್ಷಮಿಸು ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಬೆಳಿಗ್ಗೆ ಅಷ್ಟು ಸಲೀಸಾಗಿ ಹರಿದ ನಾಲಗೆ ಆಗ ಏಳಲಿಲ್ಲ.

ಹತ್ತು ದಿನಕ್ಕೆ ಕ್ಯಾಮೆರಾ ಬಿಚ್ಚಿದೆ. ತರಕರಡಿ ಮತ್ತೆ ಬರಲಿಲ್ಲ. ಹೊರಡುವ ದಿನ ನೀಲವ್ವ ರೊಟ್ಟಿಯ ಗಂಟು ಕೊಟ್ಟಳು, ತಲೆ ಸವರಿದಳು. ಮಾತು ಮಾತ್ರ ಕಡಿಮೆ. ಊರಲ್ಲಿ ಆಗಲೇ ಸುಣ್ಣ ಕಲೆಸುತ್ತಿದ್ದರು. ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಬಂದ ಶಿವಪ್ಪ, “ಈ ಸಲ ಯಾರೂ ಏನೂ ಅನ್ನಂಗಿಲ್ಲ ಬಿಡ್ರಿ” ಎಂದ. ಅನ್ನಿಸಿಕೊಳ್ಳಬೇಕಾದವನು ಇಲ್ಲ ಎಂಬುದು ಅವನಿಗೂ ಹೊಳೆಯಿತೋ ಏನೋ, ಆಮೇಲೆ ಬಸ್ಸು ಬರುವವರೆಗೂ ರಸ್ತೆಯನ್ನೇ ನೋಡುತ್ತ ನಿಂತ.

ವರದಿ ಬರೆದೆ. ಕೋಷ್ಟಕದಲ್ಲಿ ಏಳನೇ ಸಾಲಿನ ಆ ದಿನಗಳು ಖಾಲಿ. ಅದರ ಕೆಳಗೆ ಅಡಿಟಿಪ್ಪಣಿಯಾಗಿ, ಹಬ್ಬದ ಆಹಾರ ಇಟ್ಟಿದ್ದರಿಂದ ಈ ದಿನಗಳನ್ನು ಕೈಬಿಟ್ಟಿದೆ, ಆ ಆಹಾರಕ್ಕೆ ತರಕರಡಿ ಬಂದಿತ್ತು ಎಂದು ಬರೆದೆ. ಅಷ್ಟಕ್ಕೇ ಮುಗಿಸಲು ಮನಸ್ಸಾಗದೆ ಇನ್ನೂ ಮೂರು ಸಾಲು ಸೇರಿಸಿದೆ. ಸರ್ ಪೆನ್ಸಿಲು ಹಿಡಿದು ಆ ಮೂರು ಸಾಲಿನ ಮೇಲೆ ಬಹಳ ಹೊತ್ತು ಕುಳಿತರು.

“ತೀರಿಕೊಂಡವರ ಮಾತು ನೀ ಹೆಂಗ ಬರೀತಿ? ನಿನಗ ಹೇಳಿದವರು ಯಾರು?”

“ಅವರ ಹೆಂಡತಿ.”

“ಹಂಗಿದ್ರ ಅವರ ಹೆಸರೂ ಹಾಕು” ಎಂದು ಪೆನ್ಸಿಲು ಕೆಳಗಿಟ್ಟರು.

ಇದನ್ನು ಮರುದಿನವೇ ಹೋಗಿ ನೀಲವ್ವನಿಗೆ ಓದಿ ಹೇಳಬೇಕಿತ್ತು. ಪರೀಕ್ಷೆ ಬಂತು, ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು, ಈ ತಿಂಗಳು ಮುಂದಿನ ತಿಂಗಳು ಎನ್ನುತ್ತ ದಿನ ತಳ್ಳಿದೆ. ನಿಜ ಹೇಳಬೇಕೆಂದರೆ ನಾಚಿಕೆ. ದಿನ ಕಳೆದಷ್ಟೂ ಆ ಕಟ್ಟೆ ದೂರವಾಗುತ್ತ ಹೋಯಿತು.

ಹಾವೇರಿಯಲ್ಲಿ ಬಸ್ಸು ಬದಲಿಸಿ, ಹಿರೇಕೆರೂರಿನಲ್ಲಿ ಇಳಿದು, ಟಂಟಂ ಆಟೊ ಹಿಡಿದು ಊರು ಮುಟ್ಟಿದಾಗ ಸಂಜೆಯಾಗಿತ್ತು. ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಬೆಳಿಗ್ಗೆ ಹೊಲಕ್ಕೆ ಹೋದವಳು ಈಗ ಬಂದಂತೆ, “ಬಂದ್ಯಾ? ಕೈಕಾಲ ತೊಳಕೊ” ಎಂದಳು.

“ನೀಲವ್ವ, ಅವತ್ತ ನಾ ಆಡಿದ ಮಾತ ತಪ್ಪು. ಎರಡ ವರ್ಷದಿಂದ ಹೇಳ್ಬೇಕಂತ...”

“ಹಸದಿರ್ತಿ. ಮೊದಲ ಉಣ್ಣು.” ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿದ ಮೇಲೆ ಮೆಲ್ಲಗೆ ಸೇರಿಸಿದಳು, “ಕಲಿಯೂ ಹುಡುಗಿ, ಸಿಟ್ಟಿಗೆದ್ದಿ. ನಾ ಅದನ್ನ ಅಲ್ಲೇ ಬಿಟ್ಟೇನಿ. ನೀನ ಹೊತಗೊಂಡ ಅಡ್ಡಾಡಾಕತ್ತಿ.”

ವರದಿ ತೆಗೆದು ವಿಷಯ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. “ಈಗ ಓದಬ್ಯಾಡ. ನಾಳೆ ಹೊಲದಾಗ ಓದು” ಎಂದಳು.

ಮರುದಿನ ಬೆಳಿಗ್ಗೆ ಎರಡೂ ಮನೆಯವರು ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಗೋವಿನಜೋಳ ತಲೆಗಿಂತ ಎತ್ತರಕ್ಕೆ ನಿಂತಿತ್ತು. ಪೂಜೆಯಾಯಿತು. ಶಿವಪ್ಪ ಮುಂದೆ ಚರಗ ಚೆಲ್ಲುತ್ತ ಹೋದ, ಅವನ ಹೆಂಡತಿ ಹಿಂದೆ ನೀರು ಚಿಮುಕಿಸುತ್ತ ಹೋದಳು. ನೀಲವ್ವ ನನ್ನ ಕೈ ಹಿಡಿದು ಬನ್ನಿಮರದ ಆಚೆ, ಈರಪ್ಪನ ಜಾಗಕ್ಕೆ ಕರೆದುಕೊಂಡು ಹೋದಳು. ಮಣ್ಣು ಕುಗ್ಗಿ ನೆಲದ ಸಮ ಬಂದಿತ್ತು, ತಲೆಯ ಕಡೆ ಒಂದು ಕಲ್ಲು. ಕಲ್ಲಿನ ಮೇಲೆ ಏನೂ ಬರೆದಿರಲಿಲ್ಲ.

ವರದಿ ಇಂಗ್ಲಿಷಿನಲ್ಲಿತ್ತು. ಆ ಮೂರು ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡ ಮಾಡಿಕೊಂಡಿದ್ದೆ. ಓದಿದೆ.

“ಈ ಪ್ರಾಣಿಯನ್ನು ಇದೇ ಜಾಗದಲ್ಲಿ ಮೊದಲು ಕಂಡವರು ಈ ಹೊಲದ ರೈತ ದಿವಂಗತ ಈರಪ್ಪನವರು. ಅದರ ಬೆನ್ನು ಸುಣ್ಣ ಹೊಡೆದಂತೆ ಇತ್ತೆಂದು ಅವರು ಹೇಳಿದ್ದನ್ನು ಅವರ ಪತ್ನಿ ನೀಲವ್ವನವರು ನಮಗೆ ತಿಳಿಸಿದರು. ಅವರು ಹೇಳಿದ್ದು ಸರಿಯಾಗಿತ್ತು.”

ನೀಲವ್ವ ಕಲ್ಲಿನ ಪಕ್ಕ ಕುಳಿತಳು. ಬಹಳ ಹೊತ್ತು ಮಣ್ಣಿನ ಮೇಲಿನ ಕಸ ಆರಿಸುತ್ತಿದ್ದಳು.

“ಊರ ನಕ್ಕಿತು ಅಂತ ನಿನಗ ಹೇಳಿದ್ನಲ್ಲ. ಮೊದಲ ನಕ್ಕಾಕಿ ನಾನ” ಎಂದಳು. “ಅವತ್ತ ಓಡಿ ಬಂದು ಮೊದಲ ನನಗ ಹೇಳಿದ್ರು. ಏದುಸಿರ ಬಿಡಾಕತ್ತಿದ್ರು. ನಾ ಸೆರಗ ಬಾಯಿಗೆ ಹಿಡದು ನಕ್ಕೆ. ನಕ್ಕು ಸುಮ್ನಾಗಲಿಲ್ಲ, ಬಾವಿಕಟ್ಟಿಗೆ ಹೋಗಿ ನಾಕ ಮಂದಿಗೆ ಹೇಳಿದೆ. ಆ ಹೆಸರ ಅಲ್ಲಿಂದನ ಹುಟ್ಟಿತು. ಅವ್ರಿಗೆ ಗೊತ್ತಿತ್ತು. ಒಂದ ದಿನಾನೂ ನನಗ ಏನೂ ಅನ್ನಲಿಲ್ಲ.”

ಎಲೆಯ ಮೇಲೆ ಒಂದು ಹೋಳಿಗೆ, ಒಂದು ಹೆಂಟೆ ಬೆಲ್ಲ ಇಟ್ಟು ಕಲ್ಲಿನ ಮುಂದೆ ಸರಿಸಿದಳು. ನನ್ನ ಕಣ್ಣು ತುಂಬಿ ಪುಟದ ಅಕ್ಷರಗಳು ಕಲೆಸಿಹೋಗಿದ್ದವು. ಅವಳು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು.

“ಇನ್ನೊಮ್ಮೆ ಓದು” ಎಂದಳು. “ಒಂದೀಟ ಗಟ್ಟಿಯಾಗಿ ಓದವ್ವ. ಅವ್ರಿಗೆ ಕಿವಿ ಮಂದ.”